ಬೋಳು ಬಿದ್ದ ಮನಿಪ್ಲಾಂಟ್‌ಗೆ ಕತ್ತರಿ ಹಾಕುವುದು ಹೀಗೆ

ನಮ್ಮ ಕಾಸರಗೋಡಿನ ಕುಂಬಳೆ, ಬದಿಯಡ್ಕ ಕಡೆಯ ಮನೆಗಳಿಗೆ ಹೋದರೆ ಚಾವಡಿಯ ಮೂಲೆಯಲ್ಲೋ ಕಿಟಕಿಯ ಸರಳಿನಲ್ಲೋ ಒಂದು ಮನಿಪ್ಲಾಂಟ್ ಕಣ್ಣಿಗೆ ಬೀಳುತ್ತದೆ. ಅನೇಕ ಮನೆಗಳಲ್ಲಿ ಅದರ ಸ್ಥಿತಿಯೂ ಒಂದೇ. ಚಟ್ಟಿಯ ಬಾಯಲ್ಲಿ ಒಂದು ಎಲೆಯಿಲ್ಲ. ಹಗ್ಗ ಕಟ್ಟಿದ ಹಾಗೆ ಹತ್ತಡಿ ಬೋಳು ಬಳ್ಳಿ. ತುದಿಯಲ್ಲಿ ನಾಲ್ಕು ಪುಟ್ಟ ಎಲೆ. ಇಷ್ಟು ಉದ್ದ ಬಂದದ್ದನ್ನು ಕತ್ತರಿಸಲು ಮನೆಯವರಿಗೆ ಮನಸ್ಸು ಬರುವುದಿಲ್ಲ. ಆದರೆ ತೋಟದಲ್ಲಿ ಇದೇ ಜನ ಕಾಳುಮೆಣಸಿನ ಬುಡದಿಂದ ಹೊರಡುವ ಹಬ್ಬು ಬಳ್ಳಿಯನ್ನು ನೆಲಕ್ಕೆ ಬೇರೂರದಂತೆ ಗೂಟಕ್ಕೆ ಸುತ್ತಿಟ್ಟು, ಫೆಬ್ರವರಿ-ಮಾರ್ಚ್‌ನಲ್ಲಿ ಎರಡು ಮೂರು ಗೆಣ್ಣಿನ ತುಂಡು ಮಾಡಿ ಮಣ್ಣು ತುಂಬಿದ ಪ್ಲಾಸ್ಟಿಕ್ ತೊಟ್ಟೆಗೆ ನೆಡುತ್ತಾರೆ. ಅಲ್ಲಿ ಗೊತ್ತಿರುವ ಕೆಲಸವನ್ನೇ ಚಾವಡಿಯಲ್ಲೂ ಮಾಡಬೇಕು.

ಬಳ್ಳಿಯ ತುದಿ ಚಿಗುರಿನಲ್ಲಿ ಆಕ್ಸಿನ್ ಎಂಬ ಹಾರ್ಮೋನು ಹುಟ್ಟಿ ಕೆಳಕ್ಕೆ ಇಳಿಯುತ್ತದೆ. ಗೆಣ್ಣುಗಳಲ್ಲಿ ಮಲಗಿರುವ ಮೊಗ್ಗುಗಳನ್ನು ಅದು ಏಳಗೊಡುವುದಿಲ್ಲ. ತುದಿ ಕತ್ತರಿಸಿದರೆ ಆ ತಡೆ ಹೋಗಿ, ಕಡಿದ ಜಾಗಕ್ಕೆ ಹತ್ತಿರದ ಗೆಣ್ಣು ಚಿಗುರುತ್ತದೆ. ಎಲೆ ಉದುರಿ ಬೋಳಾದ ಗೆಣ್ಣಿನಲ್ಲೂ ಮೊಗ್ಗು ಇರುತ್ತದೆ, ಆದ್ದರಿಂದ ಹೆದರಬೇಕಾಗಿಲ್ಲ.

ಕಾಲ ಮಾತ್ರ ನೋಡಿಕೊಳ್ಳಿ. ಬಿಸು ಕಳೆದ ಮೇಲೆ, ಪತ್ತನಾಜೆಗೆ ಮುಂಚೆ, ಅಂದರೆ ಏಪ್ರಿಲ್ ಮಧ್ಯದಿಂದ ಮೇ ಕೊನೆಯ ವಾರದ ಒಳಗೆ ಮಾಡಿದರೆ ನಮ್ಮ ಹವೆಗೆ ಚೆನ್ನ. ತಪ್ಪಿದರೆ ಸೆಪ್ಟೆಂಬರಿಗೆ ಕಾಯಿರಿ. ಒಂದು ವರ್ಷ ನಾನು ಆಟಿ ತಿಂಗಳ, ಅಂದರೆ ಜುಲೈ ಮಧ್ಯದ ನಂತರದ, ಮಳೆಯಲ್ಲಿ ಬಳ್ಳಿ ಕಡಿದೆ. ಬೆಳಕಿಲ್ಲ, ಚಟ್ಟಿಯ ಮಣ್ಣು ಆರುವುದಿಲ್ಲ. ವಾರದೊಳಗೆ ಕಡಿದ ತುದಿ ಕಪ್ಪಗಾಗಿ ಮೆತ್ತಗಾಯಿತು, ಎರಡು ಬಳ್ಳಿ ಬುಡದವರೆಗೂ ಕೊಳೆತವು. ಆ ಮೇಲೆ ಜುಲೈಯಲ್ಲಿ ಕತ್ತರಿ ಮುಟ್ಟಿಲ್ಲ.

ಕಡಿಯುವ ಜಾಗ

ಹರಿತವಾದ ಕತ್ತರಿಯನ್ನು ಸ್ಪಿರಿಟ್‌ನಲ್ಲಿ ಒರೆಸಿಕೊಳ್ಳಿ. ಮೊಂಡು ಕತ್ತರಿ ಬಳ್ಳಿಯನ್ನು ಜಜ್ಜುತ್ತದೆ, ಜಜ್ಜಿದಲ್ಲಿ ಕೊಳೆ ಹಿಡಿಯುತ್ತದೆ. ಈಗ ಬಳ್ಳಿಯನ್ನು ಬೆಳಕಿಗೆ ಹಿಡಿದು ಬೆರಳು ಓಡಿಸಿ. ಎಲೆಯ ತೊಟ್ಟು ಬಳ್ಳಿಗೆ ಸೇರುವಲ್ಲಿ ಉಂಗುರದಂತಹ ಗೆರೆ, ಸ್ವಲ್ಪ ಉಬ್ಬು ಕೈಗೆ ಸಿಗುತ್ತದೆ. ಅದೇ ಗೆಣ್ಣು. ಅಲ್ಲೇ ಕಂದು ಬಣ್ಣದ ಮೊಳೆಯಂತಹ ಒಂದು ಗುಬುಟು ಕಂಡರೆ ಅದು ಗಾಳಿಬೇರು. ಚಟ್ಟಿಯಲ್ಲಿ ಉಳಿಯುವ ಬಳ್ಳಿಯನ್ನು ಗೆಣ್ಣಿನ ಮೇಲೆ ಕಾಲಿಂಚು ಬಿಟ್ಟು ಕಡಿಯಿರಿ. ಉದ್ದ ತುಂಡು ಬಿಟ್ಟರೆ ಅದು ಒಣಗಿ ನಿಲ್ಲುತ್ತದೆ, ಅಷ್ಟೆ.

ಒಂದೇ ದಿನ ಇಡೀ ಗಿಡ ಬೋಳಿಸಬೇಡಿ. ಮೂರರಲ್ಲಿ ಒಂದು ಪಾಲು ಸಾಕು. ಆರು ಬಳ್ಳಿ ಇದ್ದರೆ ಅತಿ ಬೋಳಾದ ಎರಡನ್ನು ಚಟ್ಟಿಯಿಂದ ನಾಲ್ಕಿಂಚಿಗೆ ಇಳಿಸಿ. ಅವು ಚಿಗುರಿದ ಮೇಲೆ ಉಳಿದವುಗಳಿಗೆ ಕೈಹಾಕಿ. ಬಿಳಿ-ಹಳದಿ ಮಚ್ಚೆಯ ಜಾತಿ ಕತ್ತಲಲ್ಲಿದ್ದು ಬರೀ ಹಸಿರಾಗಿದ್ದರೆ, ಮಚ್ಚೆ ಚೆನ್ನಾಗಿರುವ ಕೊನೆಯ ಎಲೆಯ ಮೇಲೆ ಕಡಿದು ಚಟ್ಟಿಯನ್ನು ಬೆಳಕಿರುವ ಕಿಟಕಿಗೆ ಸರಿಸಬೇಕು. ನೇರ ಬಿಸಿಲು ಬೇಡ, ಎಲೆ ಸುಡುತ್ತದೆ.

ಮನಿಪ್ಲಾಂಟ್ ಕೆಸುವಿನ ಕುಟುಂಬದ್ದೇ. ಪತ್ರೊಡೆಗೆ ಕೆಸು ಹೆಚ್ಚುವಾಗ ಕೈ ತುರಿಸುವುದು ಯಾವುದರಿಂದಲೋ, ಆ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳು ಇದರ ರಸದಲ್ಲೂ ಇವೆ. ಕೈಗವಸು ಹಾಕಿಕೊಳ್ಳಿ, ಕೆಲಸ ಮುಗಿದ ಮೇಲೆ ಸೋಪಿನಲ್ಲಿ ಕೈ ತೊಳೆಯದೆ ಕಣ್ಣು ಮುಟ್ಟಬೇಡಿ. ಅಂಬೆಗಾಲಿಡುವ ಮಗು, ಬೆಕ್ಕು, ನಾಯಿ, ದನಕರುಗಳ ಬಾಯಿಗೆ ತುಂಡುಗಳು ಸಿಗಬಾರದು.

ತುಂಡುಗಳನ್ನು ಅದೇ ಚಟ್ಟಿಗೆ

ಹೆಚ್ಚಿನವರು ಬಿಟ್ಟುಬಿಡುವ ಹಂತ ಇದು, ನನ್ನ ಮಟ್ಟಿಗೆ ಮುಖ್ಯವಾದದ್ದೂ ಇದೇ. ಮನಿಪ್ಲಾಂಟ್ ದಾಸವಾಳದ ಹಾಗೆ ನಾಲ್ಕು ಕಡೆ ಕವಲೊಡೆಯುವುದಿಲ್ಲ. ಸಾಮಾನ್ಯವಾಗಿ ಒಂದು ಕಡಿತಕ್ಕೆ ಒಂದೇ ಚಿಗುರು. ಹಾಗಾಗಿ ಬರೀ ಕಡಿದರೆ ಚಟ್ಟಿ ತುಂಬಿಕೊಳ್ಳುವುದಿಲ್ಲ; ಕಡಿದದ್ದನ್ನು ಬೇರು ಬರಿಸಿ ಬೋಳು ಜಾಗದಲ್ಲಿ ನೆಡಬೇಕು.

ಬಳ್ಳಿಯನ್ನು ಎರಡು ಗೆಣ್ಣಿನ ತುಂಡುಗಳಾಗಿ ಮಾಡಿ. ಕೆಳಗಿನ ಗೆಣ್ಣಿನ ಎಲೆ ತೆಗೆದು, ಆ ಗೆಣ್ಣು ಮುಳುಗುವಂತೆ ಬಾಟಲಿಯ ನೀರಿನಲ್ಲಿಡಿ. ಬೇರು ಬರುವುದು ಗೆಣ್ಣಿನಿಂದ. ಗೆಣ್ಣಿಲ್ಲದ ತುಂಡು ತಿಂಗಳು ಹಸಿರಾಗಿಯೇ ಇದ್ದರೂ ಗಿಡವಾಗುವುದಿಲ್ಲ. ಹತ್ತು ಹದಿನೈದು ದಿನದಲ್ಲಿ ಬಿಳಿ ಬೇರು ಕಾಣುತ್ತದೆ. ಮೂರು ನಾಲ್ಕು ದಿನಕ್ಕೊಮ್ಮೆ ನೀರು ಬದಲಿಸಿ, ಆಗ ಬಾಟಲಿಯ ಒಳಮೈಯನ್ನೂ ಉಜ್ಜಿ ತೊಳೆಯಿರಿ. ಡೆಂಗಿ ಹರಡುವ ಸೊಳ್ಳೆ ಮೊಟ್ಟೆ ಅಂಟಿಸುವುದು ನೀರಂಚಿನ ಗೋಡೆಗೆ. ನೀರು ಚೆಲ್ಲಿದ ಮಾತ್ರಕ್ಕೆ ಅದು ಹೋಗುವುದಿಲ್ಲ.

ಬೇರು ಎರಡಿಂಚಾದಾಗ ಬೆರಳಿನಿಂದ ಮಣ್ಣಿನಲ್ಲಿ ಕುಳಿ ಮಾಡಿ ನೆಡಿ. ನಮ್ಮ ಮುರಕಲ್ಲಿನ ಮಣ್ಣು ಚಟ್ಟಿಯಲ್ಲಿ ಗಟ್ಟಿಯಾಗುವುದರಿಂದ ತೆಂಗಿನ ನಾರಿನ ಪುಡಿಯನ್ನು ಧಾರಾಳ ಬೆರೆಸಿ. ಎಲೆ ಕಡಿಮೆಯಾದ ಗಿಡ ನೀರನ್ನೂ ಕಡಿಮೆ ಕುಡಿಯುತ್ತದೆ, ಮೇಲ್ಮಣ್ಣು ಒಂದಿಂಚು ಒಣಗಿದ ಮೇಲೆಯೇ ಹಾಕಿ. ಹೊಸ ಎಲೆ ಬಿಚ್ಚುವವರೆಗೆ ಗೊಬ್ಬರ ಬೇಡ, ಆಮೇಲೆ ಒಂದು ಹಿಡಿ ಎರೆಗೊಬ್ಬರ.

ಹೆಚ್ಚಾದ ತುಂಡುಗಳನ್ನು ತೋಟದ ಬದಿಗೆ ಎಸೆಯುವ ಅಭ್ಯಾಸ ಇದ್ದರೆ ಬಿಡಿ. ದೂರದ ಫ್ರೆಂಚ್ ಪೊಲಿನೇಷ್ಯದ ದ್ವೀಪದಿಂದ ಬಂದ ಈ ಬಳ್ಳಿಗೆ ನಮ್ಮ ಮಳೆ ಬಹಳ ಹಿಡಿಸಿದೆ. ಒಂದು ಗೆಣ್ಣು ನೆಲ ಕಂಡರೆ ಬೇರೂರಿ ತೆಂಗು, ಕಂಗಿಗೆ (ಅಡಿಕೆ ಮರಕ್ಕೆ) ಹತ್ತುತ್ತದೆ; ಮೇಲೇರಿದ ಹಾಗೆ ಎಲೆ ಮೊರದಷ್ಟಾಗಿ ಅಂಚು ಸೀಳುತ್ತದೆ. ಆಮೇಲೆ ಕೀಳುವುದು ಕಷ್ಟ. ಬೇಡವಾದ ತುಂಡುಗಳನ್ನು ಅಂಗಳದ ಬಿಸಿಲಿನಲ್ಲಿ ಮುಟ್ಟಿದರೆ ಮುರಿಯುವಷ್ಟು ಒಣಗಿಸಿ, ಆ ನಂತರವೇ ಗೊಬ್ಬರದ ಗುಂಡಿಗೆ ಹಾಕಿ.