ಇಸ್ರೇಲ್‌ಗೆ ಹೊಸಬರೇ? ಮೊದಲು ಆ ಮನೆಯ ಪದ್ಧತಿ ಕೇಳಿಕೊಳ್ಳಿ

ಇಸ್ರೇಲ್‌ನಲ್ಲಿರುವ ಕನ್ನಡಿಗರಲ್ಲಿ ಐಟಿಯವರಿದ್ದಾರೆ, ಸಂಶೋಧನೆಗೆ ಬಂದವರಿದ್ದಾರೆ. ಜೊತೆಗೆ ಮಂಗಳೂರು, ಉಡುಪಿ ಕಡೆಯಿಂದ ಬಂದು, ವಯಸ್ಸಾದವರ ಮನೆಯಲ್ಲೇ ಉಳಿದು ಅವರನ್ನು ನೋಡಿಕೊಳ್ಳುವ ಕೇರ್‌ಗಿವರ್‌ಗಳೂ ಇದ್ದಾರೆ. ಈ ಬರಹ ಮುಖ್ಯವಾಗಿ ಅವರಿಗೆ. ವೀಸಾ, ಸಂಬಳದ ವಿಷಯ ಏಜೆಂಟರು ಹೇಗೂ ಹೇಳುತ್ತಾರೆ. ಶುಕ್ರವಾರ ಸಂಜೆ ಆದ ಮೇಲೆ ಲೈಟ್ ಸ್ವಿಚ್ ಒತ್ತಬಹುದಾ ಅಂತ ಮಾತ್ರ ಯಾರೂ ಹೇಳಿಕೊಡುವುದಿಲ್ಲ.

ಇಲ್ಲಿ ಯಹೂದಿ ಧರ್ಮ ಸಿನಗಾಗ್ ಅನ್ನುವ ಪ್ರಾರ್ಥನಾ ಮಂದಿರದೊಳಗೆ ಮಾತ್ರ ಇಲ್ಲ. ಬಸ್ಸಿನ ವೇಳೆ, ಅಂಗಡಿಯ ಕಪಾಟು, ಮದುವೆಯ ನೋಂದಣಿ, ಅಡುಗೆಮನೆಯ ಸಿಂಕು, ಎಲ್ಲದರಲ್ಲೂ ಇದೆ. ಹಾಗಂತ ಎಲ್ಲರೂ ಮಡಿವಂತರು ಅಂದುಕೊಳ್ಳಬೇಡಿ. 'ಹಿಲೋನಿ' ಅಂದರೆ ಆಚರಣೆ ಅಷ್ಟಾಗಿ ಇಲ್ಲದವರು. 'ಮಸೋರ್ತಿ' ಅಂದರೆ ಸಂಪ್ರದಾಯ ಒಂದಿಷ್ಟು ಉಳಿಸಿಕೊಂಡವರು. 'ದಾತಿ' ಅಂದರೆ ಧಾರ್ಮಿಕರು. 'ಹರೇದಿ' ಅಂದರೆ ಕಟ್ಟಾ ಸಂಪ್ರದಾಯದವರು. ಒಂದೇ ಕಟ್ಟಡದಲ್ಲಿ ಈ ನಾಲ್ಕೂ ಬಗೆಯ ಮನೆ ಇರಬಹುದು. ಅಜ್ಜಿ ದಾತಿ, ಮಗ ಹಿಲೋನಿ ಆಗಿರುವುದೂ ಉಂಟು. ಆದ್ದರಿಂದ ಧರ್ಮದ ನಿಯಮ ಏನು ಅಂತ ಗೂಗಲ್ ಮಾಡುವ ಬದಲು, ಈ ಮನೆಯಲ್ಲಿ ಹೇಗೆ ಅಂತ ಕೇಳಿ. ಕೇಳಿದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ, ಖುಷಿಯೇ ಪಡುತ್ತಾರೆ.

ಮೊದಲು ಶಬ್ಬಾತ್, ಅಂದರೆ ವಾರದ ವಿಶ್ರಾಂತಿಯ ದಿನ. ಕನ್ನಡ ಬೈಬಲ್‌ನ ಸಬ್ಬತ್ ದಿನವೇ ಇದು. ಯಹೂದಿ ಲೆಕ್ಕದಲ್ಲಿ ದಿನ ಶುರುವಾಗುವುದು ಸೂರ್ಯ ಮುಳುಗಿದಾಗ. ಹಾಗಾಗಿ ಶುಕ್ರವಾರ ಸಂಜೆಯಿಂದ ಶನಿವಾರ ರಾತ್ರಿ ನಕ್ಷತ್ರ ಕಾಣುವವರೆಗೆ ಶಬ್ಬಾತ್. ಮೇಣದಬತ್ತಿ ಹಚ್ಚುವ ಹೊತ್ತು ಊರಿಂದ ಊರಿಗೆ ಬೇರೆ. ಟೆಲ್ ಅವೀವ್‌ನಲ್ಲಿ ಸೂರ್ಯಾಸ್ತಕ್ಕೆ ಸುಮಾರು 18 ನಿಮಿಷ ಮೊದಲು, ಜೆರುಸಲೇಮ್‌ನಲ್ಲಿ 40 ನಿಮಿಷ ಮೊದಲು. ಹಳೆಯ ಶಾಸ್ತ್ರದಲ್ಲಿ 39 ಬಗೆಯ ಕೆಲಸ ನಿಷೇಧ. ಬೆಂಕಿ ಹಚ್ಚುವುದು ಅದರಲ್ಲಿ ಒಂದು. ಈಗ ಸ್ವಿಚ್ಚೂ ಆ ಸಾಲಿಗೇ ಸೇರಿದೆ.

ಆಚರಣೆಯ ಮನೆಯಲ್ಲಿ ಶುಕ್ರವಾರ ಮಧ್ಯಾಹ್ನವೇ ಓಡಾಟ ಜೋರು. ಅಡುಗೆ ಮುಗಿಸಿ 'ಪ್ಲಾಟಾ' ಅನ್ನುವ ಬಿಸಿ ತಟ್ಟೆಯ ಮೇಲೆ ಪಾತ್ರೆ ಇಡಬೇಕು. ಲೈಟು, ಎಸಿಗೆ ಟೈಮರ್ ಹಾಕಬೇಕು. ಫ್ರಿಜ್ ಒಳಗಿನ ಬಲ್ಬ್ ಹತ್ತದಂತೆ ನೋಡಿಕೊಳ್ಳಬೇಕು. ಕೆಲವರು ಟಾಯ್ಲೆಟ್ ಪೇಪರನ್ನೂ ಮೊದಲೇ ಹರಿದಿಡುತ್ತಾರೆ.

ಯಹೂದಿಯಲ್ಲದ ನೀವು ಸ್ವಿಚ್ ಒತ್ತಿದರೆ ನಿಮಗೇನೂ ದೋಷ ಇಲ್ಲ. ಆದರೆ ಶಬ್ಬಾತ್‌ನಲ್ಲಿ "ಎಸಿ ಹಾಕು" ಅಂತ ನಿಮಗೆ ನೇರವಾಗಿ ಹೇಳುವಂತಿಲ್ಲ ಅನ್ನುವುದು ಅವರ ನಿಯಮ. ಹಾಗಾಗಿ ಸಾವ್ತಾ, ಅಂದರೆ ಅಜ್ಜಿ, ನಿಮ್ಮ ಕಡೆ ನೋಡದೆ ಕಿಟಕಿ ನೋಡುತ್ತಾ "ಅಬ್ಬಾ, ಏನು ಸೆಖೆ ಇವತ್ತು!" ಅನ್ನುತ್ತಾರೆ. ಹೊಸಬರು "ಹೌದು ಸಾವ್ತಾ, ಭಾರೀ ಸೆಖೆ" ಅಂತ ಸುಮ್ನೆ ಕೂತುಬಿಡುತ್ತಾರೆ. ಎದ್ದು ಎಸಿ ಹಾಕಿ. ಅದು ಸೂಚನೆ. ಆದರೆ ಅವರು ಏನೂ ಹೇಳದಿದ್ದಾಗ ನೀವಾಗಿಯೇ ಅವರಿಗಾಗಿ ಟಿವಿ ಹಾಕಿಕೊಡಲು ಹೋಗಬೇಡಿ.

ಒಂದು ವಿಷಯದಲ್ಲಿ ಮಾತ್ರ ಯಾರನ್ನೂ ಕೇಳಬೇಕಿಲ್ಲ. ಜೀವಕ್ಕೆ ಅಪಾಯ ಅಂದರೆ ಶಬ್ಬಾತ್ ಬದಿಗೆ. ಇದು ಅವರ ಧರ್ಮವೇ ಹೇಳುವ ಮಾತು. ಉಸಿರಾಟದಲ್ಲಿ ಏರುಪೇರಾದರೆ, ಎದೆ ನೋವು ಬಂದರೆ, ತಕ್ಷಣ 101ಕ್ಕೆ ಫೋನ್ ಮಾಡಿ.

ನಿಮ್ಮ ರಜೆಗೂ ಶಬ್ಬಾತ್‌ಗೂ ನಂಟಿದೆ. ಯಹೂದಿಯಲ್ಲದ ಕೆಲಸಗಾರರು ವಾರದ ರಜೆಯನ್ನು ಶುಕ್ರವಾರ, ಶನಿವಾರ, ಭಾನುವಾರ ಈ ಮೂರರಲ್ಲಿ ಒಂದಕ್ಕೆ ಇಟ್ಟುಕೊಳ್ಳಬಹುದು ಅಂತ 1951ರ ಕಾನೂನು ಹೇಳುತ್ತದೆ. ಯಾವ ದಿನ ಅನ್ನುವುದು ಕೆಲಸದ ಕರಾರಿನಲ್ಲಿ ಬರೆದಿರಲಿ. ಭಾನುವಾರ ಇಲ್ಲಿ ಕೆಲಸದ ದಿನ. ಅದಕ್ಕೇ ವಿದೇಶಿ ಕೆಲಸಗಾರರಿಗಾಗಿ ಶನಿವಾರವೇ ಬಲಿಪೂಜೆ ಇಡುವ ಚರ್ಚ್‌ಗಳಿವೆ. ತೊಂದರೆ ಇರುವುದು ಹೋಗಿ ಬರುವುದರಲ್ಲಿ. ಶುಕ್ರವಾರ ಮಧ್ಯಾಹ್ನದ ಮೇಲೆ ರೈಲು ನಿಲ್ಲುತ್ತದೆ, ಹೆಚ್ಚಿನ ಬಸ್ಸುಗಳೂ ನಿಲ್ಲುತ್ತವೆ. ಹೈಫಾದಲ್ಲಿ ಕೆಲವು ಬಸ್ ಓಡುತ್ತವೆ. ಟೆಲ್ ಅವೀವ್ ಸುತ್ತ 2019ರಿಂದ ವಾರಾಂತ್ಯದ ಬಸ್ಸುಗಳಿವೆ, 'ಶೆರೂತ್' ಅನ್ನುವ ಶೇರ್ ಟ್ಯಾಕ್ಸಿಯೂ ಸಿಗುತ್ತದೆ. ಶನಿವಾರ ಊರಿಗೆ ವಿಮಾನ ಇದ್ದರೆ ಟ್ಯಾಕ್ಸಿ ಮೊದಲೇ ಹೇಳಿಡಿ.

ಇನ್ನು ಅಡುಗೆಮನೆ. ಕೋಷರ್, ಅಂದರೆ ಯಹೂದಿ ಆಹಾರ ನಿಯಮ ಪಾಲಿಸುವ ಮನೆಯಲ್ಲಿ ಮಾಂಸ ಮತ್ತು ಹಾಲು ಸೇರುವಂತಿಲ್ಲ. ಪಾತ್ರೆ ಬೇರೆ, ಸ್ಪಂಜ್ ಬೇರೆ, ಕೆಲವು ಕಡೆ ಸಿಂಕೂ ಬೇರೆ. ಮಡಿ-ಮೈಲಿಗೆ ಇದ್ದ ಮನೆಯಲ್ಲಿ ಬೆಳೆದವರಿಗೆ ಇದು ಬೇಗ ಕೈಗೆ ಹತ್ತುತ್ತದೆ. ಕೋಳಿಯೂ ಮಾಂಸದ ಲೆಕ್ಕವೇ. ಅಂದರೆ ಮೊಸರಲ್ಲಿ ನೆನೆಸಿದ ಚಿಕನ್ ಇಲ್ಲ, ತುಪ್ಪ ಸುರಿದ ಚಿಕನ್ ಸುಕ್ಕಾವೂ ಇಲ್ಲ. ತೆಂಗಿನ ಹಾಲಿಗೆ ಅಡ್ಡಿ ಇಲ್ಲ, ಕರಾವಳಿಯವರು ಬಚಾವ್! ಮೀನಿಗೆ ರೆಕ್ಕೆ, ಹುರುಪೆ ಎರಡೂ ಇರಬೇಕು. ಬಂಗುಡೆ ಆಗುತ್ತದೆ, ಸಿಗಡಿ, ಏಡಿ ಆಗುವುದಿಲ್ಲ. ಬಿಗಿ ಮನೆಗಳಲ್ಲಿ ಒಲೆಯನ್ನು ಮನೆಯವರೇ ಹಚ್ಚಿಕೊಟ್ಟ ಮೇಲೆ ನೀವು ಅಡುಗೆ ಮಾಡಬೇಕು. ಇದನ್ನು ಅವಮಾನ ಅಂತ ತೆಗೆದುಕೊಳ್ಳಬೇಡಿ, ಅದು ಯಹೂದಿಯಲ್ಲದವರ ಅಡುಗೆಯ ಬಗ್ಗೆ ಇರುವ ಹಳೆಯ ನಿಯಮ.

ವರ್ಷದಲ್ಲಿ ನಿಜವಾದ ಪರೀಕ್ಷೆ ಪೆಸಹ್ ಹಬ್ಬ, ಕನ್ನಡ ಬೈಬಲ್‌ನ ಪಸ್ಕ. ಏಳು ದಿನ 'ಹಮೇಟ್ಸ್' ಮನೆಯಲ್ಲಿ ಇರಬಾರದು. ಗೋಧಿ, ಬಾರ್ಲಿ, ಓಟ್ಸ್ ಮುಂತಾದ ಐದು ಧಾನ್ಯದ ಹಿಟ್ಟು ನೀರು ತಾಗಿ ಹುಳಿ ಬಂದರೆ ಅದೇ ಹಮೇಟ್ಸ್. ಸೂಪರ್‌ಮಾರ್ಕೆಟ್‌ಗಳಲ್ಲಿ ಬ್ರೆಡ್ ಕಪಾಟಿಗೆ ಹಾಳೆ ಮುಚ್ಚಿಬಿಡುತ್ತಾರೆ. ಈಗ ನಿಮ್ಮ ಕಪಾಟು ತೆಗೆದು ನೋಡಿ. ಉಪ್ಪಿಟ್ಟಿನ ರವೆ, ಮೈದಾ, ಊರಿಂದ ತಂದ ಮೈದಾ ತಿಂಡಿಯ ಪೊಟ್ಟಣ. ಹಿಂಗಿನ ಡಬ್ಬಿಯನ್ನೂ ಮರೆಯಬೇಡಿ, ಹಿಂಗಿನ ಪುಡಿಯಲ್ಲಿ ಸಾಮಾನ್ಯವಾಗಿ ಗೋಧಿ ಹಿಟ್ಟು ಬೆರೆತಿರುತ್ತದೆ. ನಿಮ್ಮ ಕೋಣೆಯಲ್ಲಿ ಬೇರೆಯಾಗಿ ಇಟ್ಟುಕೊಳ್ಳಲು ಕೆಲವರು ಒಪ್ಪುತ್ತಾರೆ, ಹಬ್ಬಕ್ಕೆ ಮುಂಚೆಯೇ ಕೇಳಿ. ಅನ್ನ, ಬೇಳೆ? ಇರಾಕ್ ಮೂಲದ ಮನೆಯಾದರೆ ಅನ್ನ ಉಣ್ಣುತ್ತಾರೆ. ಪೋಲೆಂಡ್ ಮೂಲದ ಆಚರಣೆಯ ಮನೆಯಾದರೆ ಅನ್ನವೂ ಇಲ್ಲ, ಬೇಳೆಯೂ ಇಲ್ಲ.

ಮನೆಯವರ ಹಿರಿಯರು ಯಾವ ದೇಶದಿಂದ ಬಂದವರು ಅನ್ನುವುದು ಹೀಗೆ ತಟ್ಟೆಯಲ್ಲೇ ಗೊತ್ತಾಗುತ್ತದೆ. ನಮ್ಮ ದೇಶದಿಂದ ಬಂದವರೂ ಇದ್ದಾರೆ. ಕೊಂಕಣದ ಬೆನೆ ಇಸ್ರೇಲ್ ಅನ್ನುವ ಯಹೂದಿ ಸಮುದಾಯದವರು ಅಲ್ಲಿ ಎಣ್ಣೆ ಗಾಣದ ಕೆಲಸದವರಾಗಿದ್ದರು. ಶನಿವಾರ ಗಾಣ ನಿಲ್ಲಿಸುತ್ತಿದ್ದರಿಂದ ಊರವರು ಅವರನ್ನು 'ಶನಿವಾರ ತೇಲಿ' ಅನ್ನುತ್ತಿದ್ದರು. ಶತಮಾನಗಟ್ಟಲೆ ಹಾಗೆ ಶಬ್ಬಾತ್ ಉಳಿಸಿಕೊಂಡು ಬಂದವರನ್ನೇ ಇಲ್ಲಿನ ರಬ್ಬಿಗಳು, ಅಂದರೆ ಯಹೂದಿ ಧರ್ಮಗುರುಗಳು, ಮದುವೆಯ ಹೊತ್ತಿಗೆ ನೀವು ಪೂರ್ತಿ ಯಹೂದಿಗಳೇ ಅಂತ ಅನುಮಾನಿಸಿದರು. ಅವರು ಬೀದಿಗಿಳಿದು ಪ್ರತಿಭಟಿಸಿದರು. ಅವರು ಎಲ್ಲ ರೀತಿಯಲ್ಲೂ ಯಹೂದಿಗಳೇ ಅಂತ 1964ರಲ್ಲಿ ಇಲ್ಲಿನ ಸಂಸತ್ತು ಹೇಳಬೇಕಾಯಿತು. ಡಿಮೋನಾ, ಅಶ್ದೋದ್, ರಾಮ್ಲೆಗಳಲ್ಲಿ ಮರಾಠಿ ಮಾತಾಡುವ ಹಿರಿಯರು, ಕರಿಬೇವು ಸಿಗುವ ಅಂಗಡಿಗಳು ಇವರಿಂದಲೇ.

ಯಾರು ಯಹೂದಿ ಅನ್ನುವುದು ಇಲ್ಲಿ ಇವತ್ತಿಗೂ ಕಚೇರಿಯ ಪ್ರಶ್ನೆ. ತಾಯಿ ಯಹೂದಿಯಾಗಿದ್ದರೆ ಅಥವಾ ಮತಾಂತರ ಆಗಿದ್ದರೆ ಮಾತ್ರ ರಬ್ಬಿಗಳು ಒಪ್ಪುತ್ತಾರೆ. ಪೌರತ್ವದ ಕಾನೂನು ಅಜ್ಜ ಅಥವಾ ಅಜ್ಜಿ ಯಹೂದಿಯಾಗಿದ್ದರೂ ಸಾಕು ಅನ್ನುತ್ತದೆ. ಅಂದರೆ ಪೌರತ್ವ ಸಿಕ್ಕಿದವರಿಗೂ ಇಲ್ಲಿ ಮದುವೆ ಆಗಲಿಕ್ಕೆ ಆಗದಿರಬಹುದು. ರಿಜಿಸ್ಟರ್ ಮದುವೆ ಇಲ್ಲ, ಅದಕ್ಕೇ ಎಷ್ಟೋ ಜೋಡಿಗಳು ಸೈಪ್ರಸ್‌ಗೆ ಹೋಗಿ ಬರುತ್ತವೆ. ಊಟದ ಮೇಜಿನಲ್ಲಿ ಈ ಮಾತು ಎದ್ದರೆ ನೀವು ಕೇಳಿಸಿಕೊಂಡಿದ್ದರೆ ಸಾಕು.

ಹಬ್ಬದ ತಾರೀಖು ಪ್ರತಿ ವರ್ಷ ಬದಲಾಗುತ್ತದೆ. ಅವರದೂ ಚಾಂದ್ರಮಾನವೇ, ಅಧಿಕ ಮಾಸವೂ ಇದೆ. ಯೋಮ್ ಕಿಪ್ಪೂರ್, ಅಂದರೆ ಪ್ರಾಯಶ್ಚಿತ್ತದ ಉಪವಾಸದ ದಿನವನ್ನು ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ. ಆ ದಿನ ವಿಮಾನ ನಿಲ್ದಾಣವೂ ಬಂದ್. ರಸ್ತೆಯಲ್ಲಿ ಕಾರಿಲ್ಲ, ಹೆದ್ದಾರಿಯಲ್ಲಿ ಮಕ್ಕಳು ಸೈಕಲ್ ಹೊಡೆಯುತ್ತಾರೆ. ಮಾತ್ರೆ, ಹಾಲು ಹಿಂದಿನ ದಿನವೇ ತಂದಿಡಿ. ಅಜ್ಜ ಉಪವಾಸ ಮಾಡುತ್ತೇನೆ ಅಂದರೆ ಡಾಕ್ಟರನ್ನು ಮೊದಲೇ ಕೇಳಲು ಮಕ್ಕಳಿಗೆ ಹೇಳಿ.

ಪೆಸಹ್ ಮುಗಿದ ಮೇಲೆ ಸೈರನ್ ದಿನಗಳು ಬರುತ್ತವೆ. ನಾಜಿಗಳು ನಡೆಸಿದ ಯಹೂದಿ ಹತ್ಯಾಕಾಂಡದ ಸ್ಮರಣೆಯ ದಿನ ಬೆಳಿಗ್ಗೆ 10ಕ್ಕೆ ಎರಡು ನಿಮಿಷ. ಒಂದು ವಾರದ ನಂತರ ಸೈನಿಕರ ಸ್ಮರಣೆಗೆ ಮುನ್ನಾದಿನ ರಾತ್ರಿ 8ಕ್ಕೆ ಒಂದು ನಿಮಿಷ, ಮರುದಿನ ಬೆಳಿಗ್ಗೆ 11ಕ್ಕೆ ಎರಡು ನಿಮಿಷ. ಆಗ ಕೆಲಸ ಬಿಟ್ಟು ಎದ್ದು ನಿಲ್ಲಿ. ಫೋನ್ ತೆಗೆದು ವಿಡಿಯೋ ಮಾಡಬೇಡಿ. ಈ ಸೈರನ್ ಒಂದೇ ಸಮನೆ ಕೂಗುತ್ತದೆ. ಏರಿಳಿಯುತ್ತಾ ಕೂಗಿದರೆ ಅದು ರಾಕೆಟ್ ಎಚ್ಚರಿಕೆ. ಆಗ ನಿಲ್ಲಬೇಡಿ, ಅಜ್ಜಿಯನ್ನು ಕರೆದುಕೊಂಡು ರಕ್ಷಣಾ ಕೋಣೆಗೆ ಹೋಗಿ.