ಆಟದ ನಡುವೆ ಕಂಪ್ಯೂಟರ್ ಕೈಕೊಡುತ್ತಿದೆಯೇ? ಮೊದಲು ರ‍್ಯಾಮ್ ನೋಡಿ

ಬಿಡಿಭಾಗಗಳನ್ನು ತಂದು ಮನೆಯಲ್ಲೇ ಜೋಡಿಸಿದ ಗೇಮಿಂಗ್ ಕಂಪ್ಯೂಟರ್ ಪದೇ ಪದೇ ಕ್ರ್ಯಾಶ್ ಆದರೆ ಹೆಚ್ಚಿನವರ ಅನುಮಾನ ಮೊದಲು ಹೋಗುವುದು ಗ್ರಾಫಿಕ್ಸ್ ಕಾರ್ಡಿನ ಮೇಲೆ, ಏಕೆಂದರೆ ಅದಕ್ಕೇ ಹೆಚ್ಚು ದುಡ್ಡು ಸುರಿದಿರುತ್ತಾರೆ. ನನ್ನ ಪರಿಚಯದ ಹುಡುಗನೊಬ್ಬ ಒಂದೇ ಭಾನುವಾರ ವಿಂಡೋಸನ್ನು ಹೊಸದಾಗಿ ಹಾಕಿ, ಡ್ರೈವರ್ ಬದಲಿಸಿ, ಗೆಳೆಯನ ಪವರ್ ಸಪ್ಲೈಯನ್ನೂ ತಂದು ಜೋಡಿಸಿದ. ಎರಡು ದಿನ ಸರಿಯಾಗಿ ನಡೆದ ಯಂತ್ರ ಮೂರನೆಯ ದಿನ ಮತ್ತೆ ನಿಂತಾಗ, ಆ ಎರಡು ದಿನ ಅದು ಯಾವುದರಿಂದ ಸರಿಹೋಗಿತ್ತೆಂಬುದು ಅವನಿಗೂ ಗೊತ್ತಾಗಲಿಲ್ಲ, ನನಗೂ ಗೊತ್ತಾಗಲಿಲ್ಲ. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಬದಲಿಸಿದ್ದನ್ನು ಚೀಟಿಯಲ್ಲಿ ಬರೆದಿಡಿ.

ಹಂತ 1: ಯಂತ್ರ ನಿಲ್ಲುವ ಬಗೆಯನ್ನು ಗಮನಿಸಿ. ದೋಷ ತಿಳಿಸುವ ನೀಲಿ ಪರದೆ (ಹೊಸ ವಿಂಡೋಸ್ 11ರಲ್ಲಿ ಕಪ್ಪು) ಬಂದರೆ ಅದರ ಕೆಳಗಿರುವ ಕೋಡನ್ನು ಫೋನಿನಲ್ಲಿ ಫೋಟೊ ತೆಗೆಯಿರಿ. ವಿಂಡೋಸಿನ ದಾಖಲೆ ಪುಸ್ತಕವಾದ ಈವೆಂಟ್ ವ್ಯೂವರ್‌ನಲ್ಲಿ ‘ಕರ್ನಲ್-ಪವರ್ 41’ ಎಂಬ ನಮೂದು ಕಂಡ ಕೂಡಲೇ ಪವರ್ ಸಪ್ಲೈ ಕೆಟ್ಟಿದೆಯೆಂದು ತೀರ್ಮಾನಿಸಬೇಡಿ. ಹಿಂದಿನ ಸಲ ಯಂತ್ರ ಸರಿಯಾಗಿ ಶಟ್‌ಡೌನ್ ಆಗಿಲ್ಲ ಎಂಬುದಷ್ಟೇ ಅದರ ಅರ್ಥ.

ಹಂತ 2: ಬಿಸಿ. ದೂಳು ತೆಗೆಯಿರಿ, ಫ್ಯಾನುಗಳು ತಿರುಗುತ್ತಿವೆಯೇ ನೋಡಿ, ಪ್ರೊಸೆಸರ್ ಕೂಲರಿನ ತಳದ ಪ್ಲಾಸ್ಟಿಕ್ ಹಾಳೆಯನ್ನು ಕೀಳಲು ಮರೆತಿಲ್ಲವೆಂದು ಖಚಿತಪಡಿಸಿಕೊಳ್ಳಿ.

ಹಂತ 3: ರ‍್ಯಾಮ್. ಬಳಕೆಯಲ್ಲಿರುವ ಮಾಹಿತಿಯನ್ನು ತಾತ್ಕಾಲಿಕವಾಗಿ ಹಿಡಿದಿಡುವ ಮೆಮೊರಿ ಪಟ್ಟಿ (ಸ್ಟಿಕ್) ಇದು. ಜನ ಎಡವುವುದು ಇಲ್ಲೇ. ಡಬ್ಬದ ಮೇಲೆ 6000 ಎಂದು ಅಚ್ಚಾಗಿರುವ ವೇಗ ಡಿಡಿಆರ್5 ಎಂಬ ಈಚಿನ ತಲೆಮಾರಿನ ರ‍್ಯಾಮಿನ ಸಹಜ ವೇಗವಲ್ಲ. ಬಯಾಸ್‌ನಲ್ಲಿ (ಆನ್ ಮಾಡಿದ ಕೂಡಲೇ ತೆರೆಯಬಹುದಾದ ಮದರ್‌ಬೋರ್ಡಿನ ಸೆಟ್ಟಿಂಗ್ ಪರದೆ) ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋ ಎಂಬ ಸಿದ್ಧ ವೇಗದ ಪ್ರೊಫೈಲನ್ನು ಆನ್ ಮಾಡಿದಾಗ ವೇಗವನ್ನೂ ವೋಲ್ಟೇಜನ್ನೂ ಏರಿಸಿ ಪಡೆಯುವಂಥದ್ದು, ಮತ್ತು ಆ ಒತ್ತಡವನ್ನು ರ‍್ಯಾಮಿನ ಜೊತೆಗೆ ಪ್ರೊಸೆಸರ್ ಹಾಗೂ ಮದರ್‌ಬೋರ್ಡ್ ಕೂಡ ತಾಳಿಕೊಳ್ಳಬೇಕು. ಆದ್ದರಿಂದ ಮೊದಲು ಆ ಪ್ರೊಫೈಲನ್ನು ಆಫ್ ಮಾಡಿ ಆಟವಾಡಿ ನೋಡಿ. ಈ ಬದಲಾವಣೆಯ ಬಳಿಕ ಮೊದಲ ಸಲ ಆನ್ ಮಾಡಿದಾಗ ಪರದೆ ಕೆಲವು ನಿಮಿಷ ಕಪ್ಪಾಗಿಯೇ ಇರಬಹುದು. ಬೋರ್ಡು ರ‍್ಯಾಮಿಗೆ ಹೊಂದಿಕೊಳ್ಳುತ್ತಿರುತ್ತದೆ, ಗಾಬರಿಯಿಂದ ಸ್ವಿಚ್ ಆರಿಸಬೇಡಿ. ಕ್ರ್ಯಾಶ್ ನಿಂತುಹೋದರೆ ರ‍್ಯಾಮ್ ಕೆಟ್ಟಿದೆ ಎಂದಾಗುವುದಿಲ್ಲ. ಬಯಾಸ್ ಅಪ್‌ಡೇಟ್ ಮಾಡಿ ಮತ್ತೆ 6000ಕ್ಕೆ ಏರಿಸಿ ನೋಡಿ. ಆಗದಿದ್ದರೆ 5600ಕ್ಕೆ ಇಳಿಸಿ ನೆಮ್ಮದಿಯಾಗಿರಿ.

ಪ್ರೊಫೈಲ್ ಆಫ್ ಮಾಡಿದರೂ ಕ್ರ್ಯಾಶ್ ಆಗುತ್ತಿದ್ದರೆ ಪ್ಲಗ್ ಕಿತ್ತು, ಪವರ್ ಬಟನ್ ಒಮ್ಮೆ ಒತ್ತಿ ಉಳಿದ ವಿದ್ಯುತ್ತನ್ನು ಹೋಗಲು ಬಿಟ್ಟು, ಕ್ಯಾಬಿನೆಟ್ಟಿನ ಲೋಹ ಮುಟ್ಟಿ ನಂತರ ರ‍್ಯಾಮಿಗೆ ಕೈಹಾಕಿ. ಈಗಿನ ಹಲವು ಬೋರ್ಡುಗಳಲ್ಲಿ ಸ್ಲಾಟಿನ ಒಂದು ತುದಿಗೆ ಮಾತ್ರ ಕ್ಲಿಪ್ ಇರುವುದರಿಂದ, ಆ ತುದಿ ‘ಟಕ್’ ಎಂದು ಕೂತರೂ ಇನ್ನೊಂದು ತುದಿ ಕೂದಲೆಳೆಯಷ್ಟು ಮೇಲೆಯೇ ನಿಂತಿರಬಹುದು. ಟಾರ್ಚ್ ಹಿಡಿದು ಬದಿಯಿಂದ ನೋಡಿ. ಹೊಂಬಣ್ಣದ ಅಂಚು ಒಂದು ಕಡೆ ಮಾತ್ರ ಕಾಣುತ್ತಿದ್ದರೆ ಸ್ಟಿಕ್ ಓರೆಯಾಗಿದೆಯೆಂದೇ ಲೆಕ್ಕ. ನಾಲ್ಕು ಸ್ಲಾಟಿನ ಬೋರ್ಡಿನಲ್ಲಿ ಎರಡೇ ಸ್ಟಿಕ್ ಇದ್ದರೆ, ಪ್ರೊಸೆಸರಿನ ಕಡೆಯಿಂದ ಎಣಿಸಿ ಸಾಮಾನ್ಯವಾಗಿ ಎರಡನೆಯ ಮತ್ತು ನಾಲ್ಕನೆಯ ಸ್ಲಾಟಿನಲ್ಲಿ ಹಾಕಬೇಕು. ಅಂಗಡಿಗಳಲ್ಲಿ ಪೆನ್ಸಿಲ್ ರಬ್ಬರಿನಿಂದ ಅಂಚನ್ನು ಉಜ್ಜಿಕೊಡುತ್ತಾರೆ. ನನಗೆ ಅದು ಸೇರದು, ಅದರ ಪುಡಿ ಹೋಗಿ ಬೀಳುವುದು ಸ್ಲಾಟಿನೊಳಗೇ. ಐಸೊಪ್ರೊಪೈಲ್ ಆಲ್ಕೊಹಾಲ್ ತಾಗಿಸಿದ ಬಟ್ಟೆ ಸಾಕು.

ಬಳಿಕ ರ‍್ಯಾಮ್ ಪರೀಕ್ಷಿಸುವ ತಂತ್ರಾಂಶ ಮೆಮ್‌ಟೆಸ್ಟ್86 ಅನ್ನು ಪೆನ್‌ಡ್ರೈವಿಗೆ ಹಾಕಿ, ಅದರಿಂದಲೇ ಬೂಟ್ ಮಾಡಿ, ರಾತ್ರಿಯಿಡೀ ನಾಲ್ಕು ಸುತ್ತು ಓಡಲು ಬಿಡಿ. ವಿಂಡೋಸ್ ಜೊತೆಗೇ ಬರುವ ಪರೀಕ್ಷೆ ‘ಎಲ್ಲ ಸರಿ’ ಎಂದರೆ ನಾನು ನಂಬುವುದಿಲ್ಲ. ಒಂದೇ ಒಂದು ದೋಷ ಕಂಡರೂ ಸ್ಟಿಕ್ಕುಗಳನ್ನು ಒಂದೊಂದಾಗಿ ಅದೇ ಸ್ಲಾಟಿನಲ್ಲಿ ಪರೀಕ್ಷಿಸಿ, ನಂತರ ಸ್ಲಾಟ್ ಬದಲಿಸಿ ನೋಡಿ. ದೋಷ ಸ್ಟಿಕ್ಕನ್ನೇ ಹಿಂಬಾಲಿಸಿದರೆ ತಪ್ಪು ಸ್ಟಿಕ್ಕಿನದು. ಸ್ಲಾಟಿನಲ್ಲೇ ಉಳಿದರೆ ಬೋರ್ಡಿನದೋ ಪ್ರೊಸೆಸರ್ ಸಾಕೆಟ್ಟಿನದೋ ಇರಬಹುದು.

ಹಂತ 4: ವಿದ್ಯುತ್ತು. ಸಾಮಾನ್ಯ 600 ವಿಎ ಯುಪಿಎಸ್ ತಾಳುವುದು ಸುಮಾರು 360 ವ್ಯಾಟ್. ಆಟ ಬಿರುಸಾದಾಗ ಅದು ತಾನೇ ಕೈಚೆಲ್ಲುತ್ತದೆ, ನಾವು ಕಂಪ್ಯೂಟರನ್ನು ದೂರುತ್ತೇವೆ. ಪರೀಕ್ಷೆಗಾಗಿ ಒಮ್ಮೆ ಅರ್ಥಿಂಗ್ ಇರುವ ಗೋಡೆಯ ಸಾಕೆಟ್ಟಿಗೇ ಸಿಕ್ಕಿಸಿ. ಗ್ರಾಫಿಕ್ಸ್ ಕಾರ್ಡಿಗೆ ಎರಡು 8 ಪಿನ್ ಸಾಕೆಟ್ ಇದ್ದರೆ ಎರಡು ಬೇರೆ ಬೇರೆ ಕೇಬಲ್ ಎಳೆಯಿರಿ. ಹಳೆಯ ಪವರ್ ಸಪ್ಲೈಯ ಕೇಬಲನ್ನು ಹೊಸದಕ್ಕೆ ಎಂದಿಗೂ ಸಿಕ್ಕಿಸಬೇಡಿ. ಪ್ಲಗ್ ಹೊಂದಿದರೂ ಒಳಗಿನ ತಂತಿಗಳ ಕ್ರಮ ಬೇರೆಯಿರಬಹುದು, ಡ್ರೈವ್‌ಗಳು ಸುಟ್ಟುಹೋಗುತ್ತವೆ. ಕ್ಯಾಬಿನೆಟ್ಟಿನ ಜೊತೆ ಪುಕ್ಕಟೆಯಾಗಿ ಬಂದ ಪವರ್ ಸಪ್ಲೈಯನ್ನು ಪರೀಕ್ಷಿಸುವುದೂ ದಂಡ, ಬದಲಿಸಿ.

ಹಂತ 5: ಡಿಡಿಯು (ಡ್ರೈವರನ್ನು ಬೇರುಸಹಿತ ಕೀಳುವ ತಂತ್ರಾಂಶ) ಬಳಸಿ ಗ್ರಾಫಿಕ್ಸ್ ಡ್ರೈವರನ್ನು ಸೇಫ್ ಮೋಡಿನಲ್ಲಿ (ವಿಂಡೋಸನ್ನು ಅತ್ಯಗತ್ಯ ಡ್ರೈವರುಗಳಿಂದಷ್ಟೇ ತೆರೆಯುವ ಬಗೆ) ಪೂರ್ತಿ ತೆಗೆದು ಮತ್ತೆ ಹಾಕಿ.

ಹಂತ 6: ಪ್ರೊಸೆಸರ್ ಇಂಟೆಲ್‌ನ 13 ಅಥವಾ 14ನೆಯ ತಲೆಮಾರಿನ ಐ7, ಐ9 ಆಗಿದ್ದರೆ ಅದನ್ನೂ ಅನುಮಾನಿಸಿ. ಅಗತ್ಯಕ್ಕಿಂತ ಹೆಚ್ಚಿನ ವೋಲ್ಟೇಜಿನಿಂದ ಈ ಸಾಲಿನ ಕೆಲವು ಡೆಸ್ಕ್‌ಟಾಪ್ ಪ್ರೊಸೆಸರುಗಳು ಅಸ್ಥಿರವಾಗುತ್ತವೆಂದು ಕಂಪನಿಯೇ 2024ರಲ್ಲಿ ಒಪ್ಪಿಕೊಂಡು, ಪ್ರೊಸೆಸರನ್ನು ಒಳಗಿಂದ ನಿಯಂತ್ರಿಸುವ ಹೊಸ ಮೈಕ್ರೊಕೋಡನ್ನು ಬಯಾಸ್ ಅಪ್‌ಡೇಟ್ ಮೂಲಕ ಕೊಟ್ಟು, ವಾರಂಟಿಯನ್ನು ಎರಡು ವರ್ಷ ವಿಸ್ತರಿಸಿತು. ಬಯಾಸ್ ಅಪ್‌ಡೇಟ್ ಹಾನಿಯನ್ನು ತಡೆಯಬಲ್ಲದೇ ಹೊರತು, ಈಗಾಗಲೇ ಹಾನಿಗೊಂಡ ಪ್ರೊಸೆಸರನ್ನು ಸರಿಪಡಿಸದು.

ಕೆಟ್ಟ ಭಾಗವನ್ನು ವಾರಂಟಿಗೆ ಕೊಡುವಾಗ ಸೀರಿಯಲ್ ನಂಬರಿನ ಸ್ಟಿಕ್ಕರ್ ಕೀಳಬೇಡಿ. ಜೋಡಿಯಾಗಿ ಕೊಂಡ ರ‍್ಯಾಮಿನಲ್ಲಿ ಒಂದೇ ಕೆಟ್ಟಿದ್ದರೂ ಎರಡನ್ನೂ ಒಟ್ಟಿಗೆ ಕೊಟ್ಟು ಜೋಡಿಯನ್ನೇ ಕೇಳಿ ಪಡೆಯಿರಿ.