ಐಡಲ್‌ನಲ್ಲಿ ಎಂಜಿನ್ ತಡವರಿಸುತ್ತಿದ್ದರೆ ಮೊದಲು ಗಾಳಿ ಹುಡುಕಿ

ಇಂಜೆಕ್ಷನ್ ಇರುವ ಪೆಟ್ರೋಲ್ ಎಂಜಿನ್, ಬಿಸಿಯಾದ ಮೇಲೆ ಎಸಿ ಆಫ್ ಇದ್ದಾಗ, ಐಡಲ್‌ನಲ್ಲಿ (ಆಕ್ಸಿಲರೇಟರ್ ಒತ್ತದೆ ನಿಂತಲ್ಲೇ ಓಡುವಾಗ) ಸಾಮಾನ್ಯವಾಗಿ 650ರಿಂದ 850 ಆರ್‌ಪಿಎಂನಲ್ಲಿ ಒಂದೇ ಸಮ ಓಡಬೇಕು. ಸ್ಪ್ಯಾನರ್ ಹಿಡಿಯುವ ಮುಂಚೆ ಆರ್‌ಪಿಎಂ ಮೀಟರಿನ ಮುಳ್ಳು ನೋಡಿ. ಮುಳ್ಳು ಅಲುಗದೆ, ಸದ್ದೂ ಸಮವಾಗಿದ್ದು, ಸ್ಟೀರಿಂಗ್ ಮಾತ್ರ ನಡುಗುತ್ತಿದ್ದರೆ ಎಂಜಿನ್ ಮೌಂಟ್ (ಎಂಜಿನನ್ನು ಹಿಡಿದಿಡುವ ಆಧಾರ) ಮೇಲೆ ಅನುಮಾನಪಡಿ. ಮುಳ್ಳು ನಿಧಾನವಾಗಿ ಏರಿಳಿಯುತ್ತಿದ್ದರೆ ಹೆಚ್ಚಾಗಿ ಗಾಳಿಯ ಲೆಕ್ಕ ತಪ್ಪಿರುತ್ತದೆ. ಲಯ ತಪ್ಪಿ ಕುಕ್ಕುತ್ತಿದ್ದರೆ ಯಾವುದೋ ಸಿಲಿಂಡರ್ ಮಿಸ್ ಹೊಡೆಯುತ್ತಿದೆ, ಅಂದರೆ ಅದರಲ್ಲಿ ಇಂಧನ ಸರಿಯಾಗಿ ಉರಿಯುತ್ತಿಲ್ಲ.

ಐಡಲ್‌ನಲ್ಲಿ ಥ್ರಾಟಲ್ (ಗಾಳಿಯ ದಾರಿಯಲ್ಲಿರುವ ತಟ್ಟೆ) ಬಹುಪಾಲು ಮುಚ್ಚಿರುವುದರಿಂದ, ಸಿಲಿಂಡರ್‌ಗಳಿಗೆ ಗಾಳಿ ಹಂಚುವ ಮ್ಯಾನಿಫೋಲ್ಡ್‌ನ ಎಳೆತ ಜೋರಾಗಿರುತ್ತದೆ. ಹೋಸ್‌ನಲ್ಲಿ ಕೂದಲೆಳೆಯ ಬಿರುಕಿದ್ದರೂ ಸೆನ್ಸರ್ ಅಳೆಯದ ಗಾಳಿ ಒಳನುಗ್ಗಿ ಗಾಳಿ-ಪೆಟ್ರೋಲ್ ಮಿಶ್ರಣ ತೆಳುವಾಗುತ್ತದೆ. ಆಕ್ಸಿಲರೇಟರ್ ಒತ್ತಿದಾಗ ಅದೇ ಸೋರಿಕೆ ಲೆಕ್ಕಕ್ಕೇ ಬರುವುದಿಲ್ಲ. ಇದನ್ನು ಕಾರಿನ ಕಂಪ್ಯೂಟರ್ ಓದುವ ಸ್ಕ್ಯಾನರ್ ಹಿಡಿದುಕೊಡುತ್ತದೆ: ಗಾಳಿಯ ಹರಿವನ್ನು ಅಳೆಯುವ ಎಂಎಎಫ್ ಸೆನ್ಸರ್ ಇರುವ ಎಂಜಿನ್‌ನಲ್ಲಿ ಫ್ಯೂಯಲ್ ಟ್ರಿಮ್ (ಕಂಪ್ಯೂಟರ್ ಇಂಧನದಲ್ಲಿ ಮಾಡುವ ಹೆಚ್ಚು-ಕಡಿಮೆ) ಐಡಲ್‌ನಲ್ಲಿ +15% ಇದ್ದು 2,500 ಆರ್‌ಪಿಎಂನಲ್ಲಿ ಸೊನ್ನೆಯ ಹತ್ತಿರ ಬಂದರೆ ಅದು ಬಹುತೇಕ ಇಂಥ ಗಾಳಿ ಸೋರಿಕೆ, ಅಂದರೆ ವ್ಯಾಕ್ಯೂಮ್ ಲೀಕೇ. ವೇಗ ಹೆಚ್ಚಿದಂತೆ ಟ್ರಿಮ್ಮೂ ಏರಿದರೆ ಫ್ಯೂಯಲ್ ಪಂಪ್, ಫಿಲ್ಟರ್ ಅಥವಾ ಎಂಎಎಫ್ ಸೆನ್ಸರ್ ಕಡೆ ತಿರುಗಿ.

ಬ್ರೇಕ್ ಬೂಸ್ಟರ್ ಹೋಸ್, ಪಿಸಿವಿ ಹೋಸ್‌ನ (ಎಂಜಿನ್ ಒಳಗಿನ ಅನಿಲವನ್ನು ಇನ್‌ಟೇಕ್‌ಗೆ ಒಯ್ಯುವ ಕೊಳವೆ) ಮೊಣಕೈಯಂಥ ತಿರುವು, ಇನ್‌ಟೇಕ್ ಗ್ಯಾಸ್ಕೆಟ್, ಈ ಮೂರನ್ನು ಮೊದಲು ನೋಡಿ. ಬಿರುಕು ಹೆಚ್ಚಾಗಿ ಅಡಿಭಾಗದಲ್ಲೇ ಇರುತ್ತದೆ; ಬಾಗಿಸಿ ನೋಡದೆ ಬಿಡಬೇಡಿ. ಕಣ್ಣಿಗೆ ಬೀಳದಿದ್ದರೆ ಇನ್‌ಟೇಕ್‌ಗೆ ಹೊಗೆ ತುಂಬಿ ಸೋರುವ ಜಾಗ ಹುಡುಕುವ ಹೊಗೆ ಪರೀಕ್ಷೆ ಮಾಡಿಸಿ. ಬಿಸಿ ಎಂಜಿನ್ ಮೇಲೆ ಕಾರ್ಬ್ ಕ್ಲೀನರ್ ಸಿಂಪಡಿಸಿ ಹುಡುಕುವ ರೂಢಿ ಬೆಂಕಿಗೆ ಆಹ್ವಾನ. ಟ್ಯಾಂಕಿನ ಪೆಟ್ರೋಲ್ ಆವಿಯನ್ನು ಎಂಜಿನ್‌ಗೆ ಬಿಡುವ ಪರ್ಜ್ ವಾಲ್ವ್ ಮರೆಯಬೇಡಿ: ಪೆಟ್ರೋಲ್ ತುಂಬಿಸಿದ ಕೂಡಲೇ ಮಾತ್ರ ಎಂಜಿನ್ ತಡವರಿಸಿದರೆ ಅದು ತೆರೆದೇ ಸಿಕ್ಕಿಕೊಂಡಿರಬಹುದು.

ಲೀಕ್ ಇಲ್ಲದಿದ್ದರೆ ಥ್ರಾಟಲ್ ಬಾಡಿಯ ಅಂಚಿನ ಮಸಿಯನ್ನು ಬಟ್ಟೆಗೆ ಕ್ಲೀನರ್ ಹಾಕಿ ಒರೆಸಿ. ಎಲೆಕ್ಟ್ರಾನಿಕ್ ಥ್ರಾಟಲ್ ಆದರೆ ಇಗ್ನಿಷನ್ ಆನ್ ಇರುವಾಗ ತಟ್ಟೆಯನ್ನು ಮುಟ್ಟಬೇಡಿ. ಒರೆಸಿದ ಮೇಲೆ ಐಡಲ್ ಏರಿದರೆ ಗಾಬರಿ ಬೇಡ, ಹಲವು ಕಾರುಗಳಲ್ಲಿ ಕೈಪಿಡಿಯ ಪ್ರಕಾರ ಐಡಲ್ ರೀಲರ್ನ್ (ಕಂಪ್ಯೂಟರ್‌ಗೆ ಐಡಲ್ ಮತ್ತೆ ಕಲಿಸುವುದು) ಮಾಡಬೇಕಾಗುತ್ತದೆ.

ಮಿಸ್ ಹೊಡೆಯುತ್ತಿದ್ದರೆ ದಾರಿ ಬೇರೆ. ಸ್ಕ್ಯಾನರ್‌ನಲ್ಲಿ ಪಿ0302 (ಎರಡನೇ ಸಿಲಿಂಡರ್ ಮಿಸ್) ಕೋಡ್ ಬಂದಿದ್ದರೆ ಎರಡನೇ ಸಿಲಿಂಡರ್‌ನ ಕಾಯಿಲನ್ನು (ಪ್ಲಗ್‌ಗೆ ಕಿಡಿಯ ವಿದ್ಯುತ್ ಕೊಡುವ ಭಾಗ) ಮೂರನೆಯದರ ಜತೆ ಅದಲುಬದಲು ಮಾಡಿ, ಕೋಡ್ ಅಳಿಸಿ, ಓಡಿಸಿ. ಪಿ0303 ಬಂದರೆ ಕಾಯಿಲೇ ಕೆಟ್ಟಿದೆ. ಪಿ0302 ಹಾಗೇ ಉಳಿದರೆ ಪ್ಲಗ್‌ನ ಗ್ಯಾಪ್, ನಂತರ ಇಂಜೆಕ್ಟರ್, ಕೊನೆಗೆ ಕಂಪ್ರೆಷನ್ ನೋಡಿ.